ಮಹಡಿಯಿಂದ ಇಳಿದ ನೀರು

ಮೊದಲ ಹನಿ ಬಿದ್ದದ್ದು ಕಾಲೇಜೊಂದರ ಹಾಜರಿ ಪುಸ್ತಕದ ಮೇಲೆ. ಬೈಂಡರ್ ಅದನ್ನು ಹಿಂದಿನ ದಿನವಷ್ಟೇ ಹೊಲಿದು, ರಟ್ಟು ಅಂಟಿಸಿ, ಒಣಗಲು ಮೇಜಿನ ಮೇಲಿಟ್ಟಿದ್ದ. ಬೆಳಿಗ್ಗೆ ಬಂದು ನೋಡಿದರೆ ರಟ್ಟು ಉಬ್ಬಿ ಡೊಂಕಾಗಿತ್ತು. ತಲೆಯೆತ್ತಿದ. ಚಾವಣಿಯಲ್ಲಿ ಅಂಗೈಯಗಲದ ಒದ್ದೆ ಕಲೆ. ಅದರ ನಡುವೆ ಇನ್ನೊಂದು ಹನಿ ಬೀಳಲೋ ಬೇಡವೋ ಎಂದು ಯೋಚಿಸುತ್ತಿರುವಂತೆ ತೂಗುತ್ತಿತ್ತು.

ಅಂಗಡಿ ಮನೆಯ ಕೆಳಭಾಗದಲ್ಲೇ ಇತ್ತು. ಅದರ ಹಿಂದೆ ಅವನೂ ಹೆಂಡತಿಯೂ ಇದ್ದರು. ಮಹಡಿಯ ಒಂಟಿ ಕೋಣೆ, ಬಚ್ಚಲು ತಂಗಿಯ ಪಾಲಿಗೆ. ಗಂಡನನ್ನು ಬಿಟ್ಟು ಬಂದು ಎರಡು ವರ್ಷವಾಗಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಬೆಳಿಗ್ಗೆ ಸ್ನಾನ ಮುಗಿಸಿ ಹೋದರೆ ಸಂಜೆಗೇ ಬರುವುದು.

"ನಲ್ಲಿ ಬಿಟ್ಟು ಬಂದಿದೀಯಾ?" ಎಂದು, ಕೆಲಸಕ್ಕೆಂದು ಇಳಿದು ಬಂದ ತಂಗಿಯನ್ನು ಮೆಟ್ಟಿಲ ಬುಡದಲ್ಲೇ ನಿಂತು ಕೇಳಿದ.

"ಇಲ್ಲ ಅಣ್ಣ. ನಿಲ್ಲಿಸೇ ಬಂದಿದೀನಿ."

ಮರುದಿನವೂ ಸೋರಿತು, ಅದರ ಮರುದಿನವೂ. ಯಾವಾಗಲೂ ಬೆಳಿಗ್ಗೆ, ಅವಳು ಸ್ನಾನ ಮಾಡುವ ಹೊತ್ತಿಗೇ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಎಂದುಕೊಂಡ ಬೈಂಡರ್. ಅವಳು ಬಕೆಟ್ಟಿನಲ್ಲಿ ಅಳೆದು ನೀರು ಹಿಡಿಯತೊಡಗಿದಳು. ಬಟ್ಟೆಯನ್ನು ಕೆಳಗೆ ತಂದು ಅಂಗಳದಲ್ಲಿ ಒಗೆದಳು. ಕೊನೆಗೆ ಸ್ನಾನವನ್ನೇ ಸಂಜೆಗೆ ಹಾಕಿಕೊಂಡಳು. ಆದರೂ ಸೋರಿತು. ಆಗ ಅವನು, ಇವಳು ಸುಳ್ಳು ಹೇಳುತ್ತಿದ್ದಾಳೆ, ಕದ್ದು ಸ್ನಾನ ಮಾಡುತ್ತಿದ್ದಾಳೆ ಎಂದು ತೀರ್ಮಾನಿಸಿದ.

"ಪ್ಲಂಬರನ್ನ ಒಂದ್ಸಲ ಕರೆಸಿ ನೋಡಿ," ಎಂದಳು ಹೆಂಡತಿ.

"ನಲ್ಲಿ ತಿರುಗಿಸೋಕೆ ಪ್ಲಂಬರ್ ಯಾಕೆ?"

ಐದನೆಯ ವಾರ ವಕೀಲರ ಹಳೆಯ ಕಾನೂನು ಪುಸ್ತಕಗಳ ಕಟ್ಟು ಪೂರ್ತಿ ನೆನೆದುಹೋಯಿತು. ವಕೀಲರು ಬಾಯಿಗೆ ಬಂದಂತೆ ಬೈದು ಹೋದರು. ಸಂಜೆ ತಂಗಿ ಚಪ್ಪಲಿ ಬಿಡುವುದಕ್ಕೂ ಅವಕಾಶ ಕೊಡದೆ ಬೈಂಡರ್ ಆ ಮಾತು ಆಡಿಬಿಟ್ಟ.

"ಗಂಡನ ಮನೆ ಮುಳುಗಿಸಿ ಬಂದೆ. ಈಗ ನನ್ನ ಮನೇನೂ ಮುಳುಗಿಸಬೇಕಾ?"

ಅವಳು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನೆಲ ನೋಡಿದಳು. ಮರುದಿನ ಭಾನುವಾರ. ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುತ್ತಿಕೊಂಡು ಅವಳು ಆಟೋ ಹತ್ತಿದಾಗ ಬೈಂಡರ್ ರಟ್ಟು ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಹನಿ ಬಿತ್ತು.

ಅವನು ಮೇಲೆ ಹೋಗಿ ಬಚ್ಚಲು ನೋಡಿದ. ನೆಲ ಒಣಗಿ ಬಿಳಿಚಿಕೊಂಡಿತ್ತು. ಬಕೆಟ್ ಬೋರಲು ಬಿದ್ದಿತ್ತು. ಆಗ ಪ್ಲಂಬರನಿಗೆ ಫೋನು ಮಾಡಿದ.

ಪ್ಲಂಬರ್ ವಯಸ್ಸಾದ ಮನುಷ್ಯ, ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತುವವನು. ಬಚ್ಚಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ಕೆಳಗಿನ ಅಂಗಡಿಯ ಗೋಡೆಯ ಮೂಲೆಯಲ್ಲಿ, ಚಾವಣಿಗೆ ತಾಗಿದಂತೆ ಪೈಪುಗಳನ್ನು ಮುಚ್ಚಿದ್ದ ಹಲಗೆಯನ್ನು ತಟ್ಟಿ ನೋಡಿ, ಮೊಳೆ ಕಿತ್ತು ತೆಗೆದ. ಒಳಗಿಂದ ಗಬ್ಬು ನಾತ ಹೊಡೆಯಿತು. ಟಾರ್ಚು ಹಿಡಿದು ಬೈಂಡರನನ್ನು ಕರೆದ.

"ಇಲ್ನೋಡಿ. ಇಲಿ ಕಡಿದಿರೋದು. ಹಲ್ಲಿನ ಗುರುತು ಉಳಿಯಲ್ಲಿ ಕೆತ್ತಿದ ಹಾಗೆ ಕಾಣ್ತಿದೆ."

ಪ್ಲಾಸ್ಟಿಕ್ ಪೈಪಿನ ಬಾಗಿನಲ್ಲಿ ಹುಣಿಸೆ ಬೀಜದಷ್ಟು ತೂತು. ಪಕ್ಕದಲ್ಲೇ ಗೂಡು. ರಟ್ಟಿನ ಚೂರು, ಹೊಲಿಗೆ ದಾರ, ಬೈಂಡಿಂಗಿನ ಕೆಂಪು ಬಟ್ಟೆ.

"ಬೆಳಿಗ್ಗೆ ಮಾತ್ರ ಯಾಕೆ ಸೋರ್ತಿತ್ತು?"

"ಮೇಲಿನ ತೊಟ್ಟಿ ತುಂಬೋದು ಯಾವಾಗ? ಬೆಳಿಗ್ಗೆ ತಾನೇ? ತುಂಬಿದಾಗ ಒತ್ತಡ ಜಾಸ್ತಿ, ಹೊರಗೆ ಚಿಮ್ಮುತ್ತೆ. ಆಮೇಲೆ ಗೋಡೆ ಒಳಗೇ ಇಂಗುತ್ತೆ."

"ಬಚ್ಚಲಿಗೆ ಹೋಗೋ ಪೈಪಾ ಇದು?"

"ಅಲ್ಲಪ್ಪ. ಇದು ನಿಮ್ಮ ಅಡುಗೆಮನೆಗೆ ಬರೋದು. ಮಹಡಿಗೆ ಬೇರೆ ಪೈಪಿದೆ." ಪ್ಲಂಬರ್ ಮೂಗು ಒರೆಸಿಕೊಂಡ. "ಅಂಟು ಯಾವುದರಲ್ಲಿ ಮಾಡ್ತೀರಿ?"

"ಮೈದಾ ಹಿಟ್ಟಲ್ಲಿ."

"ಅಂಟಿನ ಡಬ್ಬಿಗೆ ಮುಚ್ಚಳ ಹಾಕಲ್ವಾ? ನೀವೇ ಕರೆದು ಊಟಕ್ಕೆ ಕೂರಿಸಿದ ಹಾಗಾಯ್ತಲ್ಲ."

ಅವನು ನಗುತ್ತಲೇ ಪೈಪಿನ ತುಂಡು ಕತ್ತರಿಸಿ ಹೊಸದು ಕೂಡಿಸಿದ, ಗೋಡೆಯ ಸಂದುಗಳಿಗೆ ಕಬ್ಬಿಣದ ಜಾಲರಿ ತುರುಕಿ ಸಿಮೆಂಟು ಮೆತ್ತಿದ. ಬೈಂಡರನಿಗೆ ನಗಲಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವನು ಕನ್ನಡಕದ ಅಂಗಡಿಗೆ ಹೋದ. ತಂಗಿ ಗಾಜಿನ ತಡೆಯ ಹಿಂದೆ ಚಿಕ್ಕ ತಿರುಪು ಬಿಗಿಯುತ್ತಿದ್ದಳು. ಹೊರಗೆ ಬಂದಳು, ತಿರುಪುಳಿ ಕೈಯಲ್ಲೇ ಇತ್ತು.

"ಇಲಿ ಕಡಿದಿತ್ತಮ್ಮ," ಎಂದ. "ನಮ್ಮ ಅಡುಗೆಮನೆ ಪೈಪು. ನಿಂದೇನೂ ತಪ್ಪಿರಲಿಲ್ಲ. ಪೈಪ್ ಹೊಸದು ಹಾಕಿಸಿದೀನಿ. ಬಂದ್ಬಿಡು."

ಅವಳು ತಿರುಪುಳಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಇಲಿ ಸಿಕ್ಕಿತು ಅಂತ ಬಂದಿದೀಯ. ಸಿಗದೇ ಇದ್ದಿದ್ರೆ ಬರ್ತಿದ್ಯಾ?"

ಅವನು ರಸ್ತೆಯ ಕಡೆ ನೋಡಿದ.

"ಐದು ವಾರ ಬಕೆಟ್ ಎಣಿಸಿದೀನಿ ಅಣ್ಣ. ಒಂದು ದಿನ ಮೇಲೆ ಬಂದು ನೋಡಿದ್ರೆ ಸಾಕಿತ್ತು. ನೀರು ಸೋರ್ತು ಅಂತ ನಾನು ಮನೆ ಬಿಡ್ಲಿಲ್ಲ."

"ಸಿಟ್ಟಲ್ಲಿ ಏನೋ ಅಂದೆ."

"ಹುಂ. ಮೊದಲೇ ಮನಸ್ಸಲ್ಲಿ ಇದ್ದಿದ್ದು ತಾನೇ ಸಿಟ್ಟಲ್ಲಿ ಬಂದಿದ್ದು?" ಒಳಗೆ ಯಾರೋ ಕರೆದರು. "ಅತ್ತಿಗೆ ಹುಷಾರಾಗಿದ್ದಾರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿ ಕೂತಳು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಏನಂದಳು?"

"ಬರ್ತಾಳಂತೆ. ಸ್ವಲ್ಪ ದಿನ ಬಿಟ್ಟು."

ಹೆಂಡತಿ ಅಂದೇ ಮಹಡಿಯ ಕೋಣೆ ಗುಡಿಸಿ, ಒರೆಸಿ, ಕಿಟಕಿ ತೆರೆದಿಟ್ಟಳು. ಮುಂದಿನ ವಾರವೂ ಗುಡಿಸಿದಳು. ಮೂರನೆಯ ವಾರ ಪೊರಕೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದವಳು ಅರ್ಧದಲ್ಲೇ ನಿಂತು, ಕೆಳಗೆ ಅಂಟು ಕಲಸುತ್ತಿದ್ದ ಗಂಡನನ್ನು ನೋಡಿದಳು. ಅವನು ಕಲಸುತ್ತಲೇ ಇದ್ದ. ಅವಳು ಕೋಣೆ ಗುಡಿಸದೆಯೇ ಇಳಿದು ಬಂದು ಪೊರಕೆಯನ್ನು ಮೂಲೆಗಿಟ್ಟಳು.