ಕುಂಕುಮದ ಮೇಲಿನ ಗೆರೆ

ದೇವಿಂದ್ರಪ್ಪ ಬದುಕಿದ್ದಷ್ಟು ದಿನ ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಜನ ಅವನನ್ನು ನೋಡಿ ನಗುತ್ತಿದ್ದರು. ಉಳಿದವರು ಬೆಳಿಗ್ಗೆ ಎದ್ದು ಹನುಮಪ್ಪನ ಗುಡಿ ಸುತ್ತಿದರೆ ಈ ಮನುಷ್ಯ ತನ್ನ ಹಳೆಯ ಬಿಳಿ ಕಾರು ಸುತ್ತುತ್ತಿದ್ದ. ನಾಲ್ಕೂ ಗಾಲಿಗಳನ್ನು ಅಂಗೈಯಿಂದ ತಟ್ಟುತ್ತಿದ್ದ, ಬಗ್ಗಿ ಕಾರಿನ ಹೊಟ್ಟೆಯಡಿ ಇಣುಕುತ್ತಿದ್ದ, ಬಾನೆಟ್ ಎತ್ತಿ ಎಂಜಿನ್ ಎಣ್ಣೆಯ ಕಡ್ಡಿ ಎಳೆದು ಒರೆಸಿ ನೋಡುತ್ತಿದ್ದ. ಕೊನೆಗೆ ಬ್ರೇಕ್ ಎಣ್ಣೆ ತುಂಬುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಧೂಳನ್ನು ತೋರುಬೆರಳಿನಿಂದ ಮೇಲಿಂದ ಕೆಳಗೆ ಒರೆಸಿ, ಒಳಗೆ ಎಣ್ಣೆ ಎಲ್ಲಿಯವರೆಗಿದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆ ಬೆರಳು ಮೋಟು. ಹಿಂದೆ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಜೀಪು ಓಡಿಸುವಾಗ ಫ್ಯಾನ್ ಬೆಲ್ಟಿಗೆ ಸಿಕ್ಕು ಉಗುರಿನ ಸಮೇತ ತುದಿ ಹೋಗಿತ್ತು.

"ಕಣ್ಣ ಮೋಸ ಮಾಡ್ತದ, ಬೆರಳ ಮಾಡಂಗಿಲ್ಲ. ದಿನಾ ಮುಟ್ಟಿ ನೋಡಬೇಕು," ಎಂದು ಮಗ ಧರ್ಮೇಂದ್ರನಿಗೆ ಹೇಳಿದ್ದೇ ಹೇಳಿದ್ದು. ಮಗ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ಹೋದ ಶ್ರಾವಣದಲ್ಲಿ ದೇವಿಂದ್ರಪ್ಪ ತೀರಿಕೊಂಡ. ಕಾರು ಮಗನ ಪಾಲಿಗೆ ಬಂತು, ಸುತ್ತುವ ಚಟ ಬರಲಿಲ್ಲ.

ಹಾಗಂತ ಧರ್ಮೇಂದ್ರ ಕಾರನ್ನು ಅಲಕ್ಷ್ಯ ಮಾಡಿದ ಎಂದರೆ ಪಾಪ ಬರುತ್ತದೆ. ಹೆಂಡತಿ ಪೂನಂಳ ಮೊದಲ ಬಸಿರು ಆರನೇ ತಿಂಗಳಿಗೆ ಇಳಿದು ಹೋದಾಗಿನಿಂದ ಅವನಿಗೆ ಎಲ್ಲದರ ಮೇಲೂ ಭಯ, ಎಲ್ಲ ದೇವರ ಮೇಲೂ ಭಕ್ತಿ. ಈಗ ಅವಳಿಗೆ ಮತ್ತೆ ಏಳು ತುಂಬಿತ್ತು. ಪ್ರತಿ ಅಮಾವಾಸ್ಯೆಗೆ ಮಾಣಿಕನಗರದ ಗುಡಿಗೆ ಹೋಗಿ ಕಾಯಿ ಒಡೆಸುತ್ತಿದ್ದ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದ, ಬಾನೆಟ್ ಎತ್ತಿ ಕುಸುಬಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಳಗಿನ ಡಬ್ಬಿಗಳಿಗೆಲ್ಲ ಬಳಿಯುತ್ತಿದ್ದ. ತಿಂಗಳ ಮೇಲೆ ತಿಂಗಳು ಬಳಿದು ಬಳಿದು ಬ್ರೇಕ್ ಎಣ್ಣೆಯ ಡಬ್ಬಿ ಕತ್ತಿನವರೆಗೆ ಕೆಂಪಾಗಿತ್ತು. ಒಳಗೆ ಏನಿದೆ ಎಂದು ಕಾಣುವ ಮಾತೇ ಇರಲಿಲ್ಲ. ನೋಡಿದಾಗಲೆಲ್ಲ ಅವನಿಗೆ ಅದು ತುಂಬಿದಂತೆಯೇ ಕಾಣುತ್ತಿತ್ತು. ಮೀಟರಿನ ಮುಂದೆ ದೇವರ ಫೋಟೋ ಅಂಟಿಸಿದ್ದ. ಅದರ ಹಿಂದೆ ಒಂದು ಕೆಂಪು ದೀಪ ಕೆಲವು ದಿನಗಳಿಂದ ಹೊತ್ತಿಕೊಂಡೇ ಇತ್ತು. ದೇವರ ಮುಂದೆ ದೀಪ ಉರಿದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡ ಈ ಮಹಾಶಯ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಮುಂದಿನ ಗಾಜು ಒರೆಸುವ ನೀರು ಹಾಕಲು ಬಾನೆಟ್ ಎತ್ತಿದ. ಬ್ರೇಕ್ ಡಬ್ಬಿಯ ಹೊಸ ಕುಂಕುಮದ ಮೇಲೆ ಒಂದು ಗೆರೆ ಇತ್ತು. ಒಂದು ಬೆರಳಿನಗಲ, ಮೇಲಿಂದ ಕೆಳಕ್ಕೆ ಅರ್ಧ ಇಂಚು ಉದ್ದ.

"ಎವ್ವಾ, ನೀ ಏನರ ಬಾನೆಟ್ ತಗದಿದ್ದೇನು?"

ಅವನ ತಾಯಿ ಮೀರಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ನನಗ ಅದರ ಬಾಯಿ ಯಾವ ಕಡಿ ಅದ ಅಂತ ಸೈತ ಗೊತ್ತಿಲ್ಲೋ ಯಪ್ಪಾ," ಎಂದಳು.

ಬಾನೆಟ್ ತೆರೆಯಬೇಕಾದರೆ ಮೊದಲು ಕಾರಿನ ಬಾಗಿಲು ತೆರೆಯಬೇಕು. ಚಾವಿ ಅವನ ಉಡಿದಾರದಲ್ಲೇ ಇತ್ತು. ಇಲಿ ಓಡಾಡಿರಬೇಕು ಎಂದು ಸಮಾಧಾನ ಮಾಡಿಕೊಂಡು ಗೆರೆ ಮುಚ್ಚಿದ. ಮರುದಿನ ಗೆರೆ ಮತ್ತೆ ಮೂಡಿತ್ತು, ಇನ್ನಷ್ಟು ಕೆಳಗಿಳಿದಿತ್ತು. ಮೂರನೇ ದಿನ ಇನ್ನೂ ಕೆಳಗೆ. ಎಂಜಿನ್ ಎಣ್ಣೆಯ ಕಡ್ಡಿಯೂ ಯಾರೋ ಒರೆಸಿ ಇಟ್ಟಂತೆ ಹೊಳೆಯುತ್ತಿತ್ತು. ಇಲಿಗೆ ಎಂಜಿನ್ ಎಣ್ಣೆ ನೋಡುವ ಕೆಲಸವಿಲ್ಲ. ಧರ್ಮೇಂದ್ರ ಬಾನೆಟ್ ದಪ್ಪನೆ ಮುಚ್ಚಿದ. ಪೂನಂಳ ಹೊಟ್ಟೆಯ ಮೇಲೆ ಯಾರೋ ಕಣ್ಣು ಹಾಕಿದ್ದಾರೆ, ಪೂಜೆ ಅಳಿಸಿ ಮಾಟ ಮಾಡುತ್ತಿದ್ದಾರೆ ಎಂದು ತಿಳಿದ. ದಿನಾ ಇನ್ನಷ್ಟು ದಪ್ಪಗೆ ಬಳಿದ.

ಅದೇ ವಾರ ಬಲಗಡೆಯ ಹಿಂದಿನ ಗಾಲಿಯ ಒಳಮೈ ದಿನಾಲೂ ಒದ್ದೆಯಾಗಿರುತ್ತಿತ್ತು. ನಾಯಿ ಕಾಲೆತ್ತಿ ಹೋಗಿದೆ ಎಂದು ಕೇರಿಯ ನಾಯಿಗಳನ್ನೆಲ್ಲ ಕಲ್ಲು ಹಿಡಿದು ಅಟ್ಟಾಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಬಗ್ಗಿ ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದ್ದರೆ ಅದು ನೀರಲ್ಲ, ಎಣ್ಣೆ ಎಂದು ತಿಳಿಯುತ್ತಿತ್ತು. ನಾಯಿಯ ಉಚ್ಚೆಯನ್ನು ಯಾರು ಮುಟ್ಟುತ್ತಾರೆ?

ಸೋಮವಾರ ಪೂನಂಳನ್ನು ಅವಳ ತವರಾದ ಮೋರಖಂಡಿಗೆ ಬಾಣಂತನಕ್ಕೆ ಬಿಟ್ಟು ಬರಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಗಾಲಿಗೆ ಗಾಳಿ ಹಾಕಿಸಲು ಹುಮನಾಬಾದಿಗೆ ಕರೀಮಾ ಆಪಾನ ಅಂಗಡಿಗೆ ಹೋದ. ಕರೀಮಾ ತನ್ನ ಅಬ್ಬಾನಿಂದ ರಿಪೇರಿ ಕಲಿತವಳು, ದೇವಿಂದ್ರಪ್ಪನ ಜೀಪಿನ ಕಾಲದಿಂದ ಈ ಮನೆಯವರಿಗೆ ಬೇಕಾದವಳು. ಗಾಳಿ ಹಾಕುತ್ತಲೇ ಕೇಳಿದಳು:

"ತಮ್ಮಾ, ಬ್ರೇಕ್ ಹ್ಯಾಂಗ್ ಹತ್ತಾಕತ್ತದ?"

"ಹತ್ತತದ್ರಿ ಆಪಾ. ಪೆಡಲ್ ಸ್ವಲ್ಪ ಆಳಕ್ಕ ಹೋಗ್ತದ, ಅಷ್ಟ."

ಅವಳು ಪೈಪು ಬಿಟ್ಟು ನೆಟ್ಟಗೆ ನಿಂತಳು. "ಬಾನೆಟ್ ಎತ್ತು."

ಒಳಗೆ ನೋಡಿದವಳು ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಇದರೊಳಗ ಎಣ್ಣಿ ಅದನೋ ಇಲ್ಲೋ, ಹ್ಯಾಂಗ್ ಕಾಣಬೇಕು?" ಎಂದು ಬಟ್ಟೆ ಹಿಡಿದು ಕೈ ಚಾಚಿದಳು.

ಧರ್ಮೇಂದ್ರ ಗಬಕ್ಕನೆ ಅವಳ ಕೈ ಹಿಡಿದ. "ಒರಸಬ್ಯಾಡ್ರಿ ಆಪಾ! ಪೂಜಿ ಮಾಡಿದ್ದದ. ಮೊದಲ ಯಾರೋ ದಿನಾ ಅಳಸಾಕತ್ತಾರ."

ಕರೀಮಾ ಕೈ ಹಿಂದೆ ತೆಗೆದುಕೊಂಡಳು. ಮುಖ ಸಣ್ಣಗಾಯಿತು. "ನಿಮ್ಮ ದೇವರ ಕುಂಕುಮ ನಾ ಒರಸಂಗಿಲ್ಲ ತಮ್ಮಾ. ನಾಳೆ ಏನರ ಆದ್ರ ನನ್ನ ಮ್ಯಾಲ ಬರ್ತದ. ನೀನ ಒರಸಿ ನೋಡು. ಆದ್ರ ನೋಡದ ಬಸರ ಹೆಂಡ್ತಿನ್ನ ಕೂಡಿಸ್ಕೊಂಡು ಹೋಗಬ್ಯಾಡ. ನಿಮ್ಮಪ್ಪ ಚಾಚಾ ಇದ್ದಿದ್ರ ನಿನಗ ಒದೀತಿದ್ರು."

ಮನೆಗೆ ಹೋಗಿ ಒರೆಸುತ್ತೇನೆ ಎಂದ. ಒರೆಸಲಿಲ್ಲ. ತನ್ನ ಕೈಯಿಂದಲೇ ಪೂಜೆ ಅಳಿಸಿದರೆ, ಆಮೇಲೆ ಪೂನಂಳಿಗೆ ಏನಾದರೂ ಆದರೆ? ಆ ಹೆದರಿಕೆ ಅವನನ್ನು ಕಟ್ಟಿಹಾಕಿತು.

ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಬಿಸಿಲು ಅಂಗಳದ ತುಂಬ ಬಿದ್ದಿತ್ತು. ಹಸಿರು ಸೀರೆಯುಟ್ಟ ಪೂನಂ ಉಡಿ ತುಂಬಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಾಗಿತ್ತು. ನೀರು ನಿವಾಳಿಸಲು ಮೀರಾಬಾಯಿ ತಂಬಿಗೆ ಹಿಡಿದು ನಿಂತಿದ್ದಳು. ಧರ್ಮೇಂದ್ರ ಕೊನೆಯ ಕುಂಕುಮಕ್ಕೆಂದು ಬಾನೆಟ್ ಎತ್ತಿದ. ಗೆರೆ ಇತ್ತು.

"ಇವನೌನ, ಯಾರಲೇ ನೀ?" ಎಂದು ಒದರಿ, ಬಟ್ಟಲಿನಲ್ಲಿದ್ದ ಕುಂಕುಮವನ್ನೆಲ್ಲ ಅಂಗೈಗೆ ಸುರಿದುಕೊಂಡು ಡಬ್ಬಿಗೆ ಮೆತ್ತಿದ. ಎಲ್ಲೂ ಬಿಳಿ ಉಳಿಯಲಿಲ್ಲ. ಕೈ ತೆಗೆದ.

ಆ ಹಸಿ ಕುಂಕುಮದ ಮೇಲೆ, ಅವನ ಕಣ್ಣ ಮುಂದೆ, ಒಂದು ಗೆರೆ ತೆರೆದುಕೊಳ್ಳತೊಡಗಿತು.

ಯಾರೂ ಇರಲಿಲ್ಲ. ಗಾಳಿ ಇರಲಿಲ್ಲ. ಡಬ್ಬಿಯ ಕತ್ತಿನಲ್ಲಿ ಕುಂಕುಮ ತುಸು ತಗ್ಗಾಯಿತು, ಯಾರೋ ಬೆರಳು ಊರಿದಂತೆ. ಆಮೇಲೆ ಆ ತಗ್ಗು ನಿಧಾನವಾಗಿ, ಅವಸರವೇ ಇಲ್ಲದೆ, ಕೆಳಗೆ ಸರಿಯಿತು. ಎಣ್ಣೆ ಇರಬೇಕಾದ ಮೇಲಿನ ಗುರುತು ದಾಟಿತು. ಒಳಗೆ ಎಣ್ಣೆ ಕಾಣಲಿಲ್ಲ. ಇದಕ್ಕಿಂತ ಕಡಿಮೆಯಾಗಬಾರದು ಎನ್ನುವ ಕೆಳಗಿನ ಗುರುತೂ ದಾಟಿತು. ಅಲ್ಲಿಯೂ ಎಣ್ಣೆ ಕಾಣಲಿಲ್ಲ. ಡಬ್ಬಿಯ ತಳ ಮುಟ್ಟಿ ನಿಂತಿತು. ಗೆರೆಯ ಉದ್ದಕ್ಕೂ ಖಾಲಿ ಪ್ಲಾಸ್ಟಿಕ್ ಬಿಸಿಲಿಗೆ ಹೊಳೆಯುತ್ತಿತ್ತು. ಗೆರೆಯ ತುದಿ ಮೊಂಡಾಗಿತ್ತು, ಉಗುರಿನ ಗೀರು ಇರಲಿಲ್ಲ.

ಹಿಂದೆ ತಂಬಿಗೆ ಬಿದ್ದ ಸದ್ದಾಯಿತು. ಮೀರಾಬಾಯಿಯೂ ನೋಡಿದ್ದಳು.

"ಧರ್ಮ್ಯಾ," ಎಂದಳು. "ಆ ಬೆರಳ ತುತ್ತ ಕಲಸೋದು ನಾ ಮೂವತ್ತ ವರ್ಷ ನೋಡೀನಿ."

ಧರ್ಮೇಂದ್ರ ಬಟ್ಟಲು ಕೆಳಗಿಟ್ಟ. ಬಾಗಿಲು ತೆಗೆದು ಸೀಟಿನಲ್ಲಿ ಕೂತು ಬ್ರೇಕ್ ತುಳಿದ. ಪೆಡಲ್ ಎಲ್ಲಿಯೂ ತಡೆಯದೆ, ಕೆಸರಿಗೆ ಕಾಲಿಟ್ಟಂತೆ, ನೆಲ ಮುಟ್ಟಿತು. ಮತ್ತೆ ತುಳಿದ, ಮತ್ತೆ ನೆಲ. ಹೈವೇಯ ಲಾರಿಗಳು ನೆನಪಾದವು, ಮೋರಖಂಡಿಯ ದಾರಿಯ ತಿರುವುಗಳು ನೆನಪಾದವು.

"ಹೊಂಡೂಣೇನ್ರಿ? ಹೊತ್ತಾಗಾಕತ್ತದ," ಎಂದಳು ಏನೂ ಅರಿಯದ ಪೂನಂ, ಉಡಿಯ ಕಾಯಿ ಸರಿಪಡಿಸಿಕೊಳ್ಳುತ್ತ.

"ಇಳಿ," ಎಂದ. ಬಳಸಿ ಬಂದು, ಅವಳ ಎರಡೂ ಕೈ ಹಿಡಿದು ಇಳಿಸಿದ. ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ಬಲಗಡೆಯ ಹಿಂದಿನ ಗಾಲಿಯ ಹತ್ತಿರ ಕೂತು ಒಳಮೈಯ ಒದ್ದೆಯನ್ನು ಬೆರಳಿನಿಂದ ಮುಟ್ಟಿದ. ಜಿಡ್ಡು ಹತ್ತಿತು. ಎಷ್ಟು ದಿನದಿಂದ ತೋರಿಸುತ್ತಿದ್ದ ಅಪ್ಪ! ತೋರಿಸಿದ್ದನ್ನೆಲ್ಲ ತಾನು ಮುಚ್ಚುತ್ತ ಬಂದಿದ್ದ. ಗಾಲಿಗೆ ಹಣೆ ಹಚ್ಚಿ, ಅಪ್ಪ ಸತ್ತ ದಿನ ಅಳದಷ್ಟು ಅತ್ತ.

ಮಧ್ಯಾಹ್ನ ಕರೀಮಾ ಸಾಮಾನಿನ ಚೀಲ ಹಿಡಿದು ಆಟೋದಲ್ಲಿ ಬಂದಳು. ಗಾಲಿ ಬಿಚ್ಚಿ ಒಳಗೆ ಬ್ರೇಕಿನ ರಬ್ಬರ್ ಹರಿದದ್ದು ತೋರಿಸಿದಳು, ಹೊಸದು ಹಾಕಿದಳು, ಪೈಪಿನ ಗಾಳಿ ತೆಗೆದು ಎಣ್ಣೆ ತುಂಬಿದಳು. ದೇವರ ಫೋಟೋ ಕಿತ್ತು ಮೇಲಕ್ಕೆ ಅಂಟಿಸಿದಳು. ಅದರ ಹಿಂದೆ, ಬ್ರೇಕ್ ಎಣ್ಣೆ ಇಳಿದರೆ ಹೊತ್ತುವ ಕೆಂಪು ದೀಪ ಆರಿತ್ತು. ಡಬ್ಬಿಯನ್ನು ಮಾತ್ರ ಅವಳು ಒರೆಸಲಿಲ್ಲ. ಧರ್ಮೇಂದ್ರನೇ ಸೀಮೆಎಣ್ಣೆಯ ಬಟ್ಟೆಯಿಂದ ತಿಂಗಳುಗಟ್ಟಲೆಯ ಕುಂಕುಮವನ್ನು ತಿಕ್ಕಿ ತೆಗೆದ. ಯಾರು ಅಳಿಸುತ್ತಿದ್ದರು ಎಂದು ಅವಳು ಕೇಳಿದಳು. ಮೀರಾಬಾಯಿ ಚಹಾ ತರುತ್ತೇನೆ ಎಂದು ಒಳಗೆ ಹೋದಳು.

ಪೂನಂ ಮರುದಿನ ಮೋರಖಂಡಿ ತಲುಪಿದಳು. ಒಂಬತ್ತು ತುಂಬಿ ಹೆಣ್ಣು ಮಗುವಾಯಿತು.

ಈಗ ಹುಡಗಿ ಊರಿನವರು ಧರ್ಮೇಂದ್ರನನ್ನು ನೋಡಿ ನಗುತ್ತಾರೆ. ಬೆಳಿಗ್ಗೆ ಎದ್ದವನೇ ಕಾರು ಸುತ್ತುತ್ತಾನೆ, ಗಾಲಿ ತಟ್ಟುತ್ತಾನೆ, ಹೊಟ್ಟೆಯಡಿ ಇಣುಕುತ್ತಾನೆ. ಕುಂಕುಮ ಬಾನೆಟ್ಟಿನ ಹೊರಗಷ್ಟೇ. ಡಬ್ಬಿ ಹಾಲಿನಂತೆ ಬೆಳ್ಳಗಿದೆ, ಅದರ ಮೇಲೆ ಯಾವ ಗೆರೆಯೂ ಮೂಡುವುದಿಲ್ಲ.

ಮೊನ್ನೆ ಅಮಾವಾಸ್ಯೆಯ ದಿನ ಅವನಿಗೆ ತಡೆಯಲಾಗಲಿಲ್ಲ. ಬಟ್ಟಲಲ್ಲಿ ಉಳಿದ ಕುಂಕುಮವನ್ನು ಡಬ್ಬಿಯ ಒಂದು ಮೂಲೆಗೆ ಸ್ವಲ್ಪ ಹಚ್ಚಿದ. ಬಾನೆಟ್ ಮುಚ್ಚಿ, ಚಾವಿ ಉಡಿದಾರಕ್ಕೆ ಕಟ್ಟಿಕೊಂಡ. ಮರುದಿನ ಬೆಳಕು ಹರಿಯುವ ಮೊದಲೇ ಓಡಿಬಂದು ನೋಡಿದ. ಕುಂಕುಮ ಹಚ್ಚಿದ ಹಾಗೇ ಇತ್ತು. ಮೂರು ದಿನ ಕಾದ. ಹಾಗೇ ಇತ್ತು. ಎದೆಯೊಳಗೆ ಏನೋ ಖಾಲಿಯಾಯಿತು.

ನಾಲ್ಕನೇ ದಿನ ಅದನ್ನು ತಾನೇ ತೋರುಬೆರಳಿನಿಂದ ಮೇಲಿಂದ ಕೆಳಗೆ ಒರೆಸಿದ. ಕೆಂಪಿನ ನಡುವೆ ಉಗುರಿನ ಒಂದು ಸಣ್ಣ ಗೀರು ಉಳಿಯಿತು. ಎಣ್ಣೆ ಮೇಲಿನ ಗುರುತಿನವರೆಗೆ ಇತ್ತು.