ಯಂಗ್‌ಸಿಲ್ ತಲೆಯ ನಾಣ್ಯದಗಲದ ಬೋಳು

ಕೊರಿಯಾದ ಗುನ್‌ಸಾನ್ ಊರಿನ ಮೀನುಪೇಟೆಯ ಹಿಂದೆ ಮಾ ಯಂಗ್‌ಸಿಲ್ ಹನ್ನೊಂದು ವರ್ಷದಿಂದ ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದಳು. ಅವಳ ತಲೆಯ ಹಿಂಬದಿ ನಾಣ್ಯದಗಲ ಬೋಳಾಗಿದ್ದನ್ನು ಮೊದಲು ಕಂಡವನು ಟ್ಯಾಕ್ಸಿ ಓಡಿಸುವ ಅಣ್ಣ ತೇಗೊನ್.

"ಏನೇ ಇದು, ನಮ್ಮಪ್ಪನ ಆಸ್ತೀಲಿ ನಿಂಗೂ ಪಾಲು ಬಂತಾ?" ಎಂದು ನಕ್ಕ. ಅಪ್ಪನಂತೆ ಅವನ ಹಣೆಯೂ ಮೂವತ್ತಕ್ಕೇ ನೆತ್ತಿಯ ಕಡೆ ಹೊರಟಿತ್ತು. ಏಳು ವರ್ಷದಿಂದ ದಿನಕ್ಕೊಂದು ಮಾತ್ರೆ ನುಂಗಿ ಉಳಿದದ್ದನ್ನು ಕಾಪಾಡಿಕೊಂಡಿದ್ದ. ತನ್ನದೇ ಮಾತ್ರೆಯ ಹಾಳೆಯಿಂದ ನಾಲ್ಕನ್ನು ಕತ್ತರಿಸಿ ಕೊಟ್ಟ. "ತಗೋ, ಕೂದಲಿಗೆ ಗಂಡು ಹೆಣ್ಣು ಅಂತಿರುತ್ತಾ?"

ಯಂಗ್‌ಸಿಲ್ ನುಂಗಲಿಲ್ಲ. ಮಗುವಿಗಾಗಿ ಅವಳೂ ಗಂಡನೂ ಎರಡು ವರ್ಷದಿಂದ ಕಾಯುತ್ತಿದ್ದರು. ಕೇಳದೆ ಏನನ್ನೂ ಬಾಯಿಗೆ ಹಾಕುವ ಧೈರ್ಯ ಅವಳಿಗಿರಲಿಲ್ಲ. ಮಾತ್ರೆಯನ್ನು ಕೈಚೀಲದಲ್ಲಿಟ್ಟುಕೊಂಡೇ ಚರ್ಮವೈದ್ಯೆಯ ಬಳಿ ಹೋದಳು.

ವೈದ್ಯೆ ಭೂತಗನ್ನಡಿ ಹಿಡಿದು ನೋಡಿ, ಅವಳು ತೋರಿಸಿದ ಮಾತ್ರೆಯನ್ನು ಪಕ್ಕಕ್ಕೆ ಸರಿಸಿದರು. "ಇದು ನಿಮ್ಮಣ್ಣನಿಗೆ ಸರಿ. ಬಸಿರಾಗೋ ಹೆಂಗಸು ಇದನ್ನ ನುಂಗಲೇಬಾರದು, ಹೊಟ್ಟೇಲಿರೋ ಗಂಡುಮಗುವಿಗೆ ಕೆಡುಕು. ಅವರದ್ದು ವಂಶದಿಂದ ಬಂದಿದ್ದು, ಬೇರೆಯೇ ಕಾಯಿಲೆ. ನಿಮ್ಮ ಮೈಯ ಕಾವಲುಗಾರರೇ ಕೂದಲ ಬೇರನ್ನ ಕಳ್ಳ ಅಂದ್ಕೊಂಡು ಹೊಡೀತಿದ್ದಾರೆ. ಬೇರು ಸತ್ತಿಲ್ಲ. ಆ ಹೊಡೆತ ತಗ್ಗಿಸೋ ಮದ್ದನ್ನ ಅಲ್ಲಿಗೇ ಸೂಜೀಲಿ ಹಾಕೋಣ. ಬರುತ್ತೆ ಅಂತ ಆಣೆ ಮಾಡಲ್ಲ, ಬಂದಮೇಲೆ ಮತ್ತೆ ಹೋಗಲ್ಲ ಅಂತಲೂ ಹೇಳಲ್ಲ."

ತಿಂಗಳಿಗೊಮ್ಮೆ ಹತ್ತಾರು ಚುಚ್ಚು. ಮೊದಲ ಸಲ ಕಣ್ಣಲ್ಲಿ ನೀರು ಬಂತು. ಎರಡನೆಯ ಸಲಕ್ಕೆ ಕಿವಿಯ ಮೇಲೆ ಇನ್ನೊಂದು ಬೋಳು ಕಾಣಿಸಿತು. ಅಂಗಡಿಯಲ್ಲಿ ಅವಳು ತಲೆವಸ್ತ್ರ ಕಟ್ಟತೊಡಗಿದಳು.

ಒಂದು ದಿನ ಬಾಣಂತನ ಮುಗಿಸಿ ಬಂದ ಯುನ್‌ಜಿ ಎಂಬಾಕೆ ಕುರ್ಚಿಯಲ್ಲಿ ಕೂತು ಅತ್ತೇಬಿಟ್ಟಳು. ಬಾಚಿದರೆ ಕೈತುಂಬ ಕೂದಲು. "ಅಕ್ಕಾ, ನನ್ನ ತಲೆ ಬೋಳಾಗುತ್ತೆ."

ಯಂಗ್‌ಸಿಲ್ ತಲೆವಸ್ತ್ರ ಬಿಚ್ಚಿ ತಿರುಗಿ ನಿಂತಳು. "ಬೋಳು ಅಂದ್ರೆ ಇದು ನೋಡು. ನಿನ್ನದು ಹೆರಿಗೆ ಆದಮೇಲೆ ಎಷ್ಟೋ ಹೆಂಗಸರಿಗೆ ಉದುರೋ ಥರದ್ದು. ಬಹಳ ಜನಕ್ಕೆ ತಾನಾಗೇ ತುಂಬಿಕೊಳ್ಳುತ್ತೆ. ವರ್ಷವಾದ್ರೂ ನಿಲ್ಲದಿದ್ರೆ ಡಾಕ್ಟರ ಹತ್ರ ಹೋಗು. ಯಾರೋ ಕೊಟ್ಟಿದ್ದನ್ನ ಮಾತ್ರ ನುಂಗಬೇಡ."

ಯುನ್‌ಜಿ ಮೂಗು ಒರೆಸಿಕೊಂಡು ಬೋಳನ್ನೇ ನೋಡಿದಳು. "ನೋಯುತ್ತಾ?"

"ಸೂಜಿ ನೋಯುತ್ತೆ. ಬೋಳು ನೋಯಲ್ಲ."

ಆ ಮಧ್ಯಾಹ್ನದಿಂದ ಯಂಗ್‌ಸಿಲ್ ಬರಿದಲೆಯಲ್ಲೇ ಕೆಲಸ ಮಾಡಿದಳು. ಇಬ್ಬರು ಗಿರಾಕಿಗಳು ಅಂಟುಜಾಡ್ಯವೆಂದು ಬೇರೆ ಅಂಗಡಿ ಹಿಡಿದರು. ಮಿಕ್ಕವರು ಬಂದರು, ಬರುವಾಗ ತಮ್ಮ ತಮ್ಮ ತಲೆಯ ಗುಟ್ಟುಗಳನ್ನೂ ತಂದರು.

ನಾಲ್ಕನೆಯ ಸೂಜಿಯ ನಂತರ ಹಿಂಬದಿಯ ಬೋಳಿನಲ್ಲಿ ಬಿಳಿ ನವಿರು ಕೂದಲು ಮೂಡಿತು. ಕಿವಿಯ ಮೇಲಿನದು ಇನ್ನೂ ನುಣ್ಣಗಿತ್ತು. ವೈದ್ಯೆ ಮುಂದಿನ ತಿಂಗಳ ದಿನ ಬರೆದುಕೊಟ್ಟರು.