ಎರಡೂವರೆ ಮೀಟರ್ ನೀಲಿ

ಕತ್ತರಿ ಬಾಯಿ ತೆರೆದುಕೊಂಡೇ ಇತ್ತು. ಎಲ್ಲಿಂದ ಶುರು ಮಾಡಬೇಕೆಂದು ಅದಕ್ಕೆ ಹೇಳಬೇಕಾದವಳಿಗೇ ಗೊತ್ತಿರಲಿಲ್ಲ. ಭಾನುವಾರದ ಬೆಳಗು, ನೆಲದ ಮೇಲೆ ಹಾಸಿದ ಎರಡೂವರೆ ಮೀಟರ್ ನೀಲಿ ಬಟ್ಟೆ, ಅದರ ಮುಂದೆ ಮಂಡಿಯೂರಿ ಕೂತ ಕಾಲರಕ್ಕ. ಬಟ್ಟೆ ಪಕ್ಕದ ಮನೆಯಾಕೆಯದು.

"ಅಳತೆ ಗಿಳತೆ ಏನೂ ಬೇಡ, ನಮ್ಮನೆಯವ್ರೂ ನಿಮ್ಮನೆಯವ್ರೂ ಒಂದೇ ಮೈಕಟ್ಟು," ಎಂದು ಆಕೆ ನಿನ್ನೆ ಕೊಟ್ಟು ಹೋಗಿದ್ದಳು. "ಈ ಅಂಗಿ ಚೆನ್ನಾಗಿ ಬಂದ್ರೆ ಇಡೀ ಬೀದಿ ಬಟ್ಟೆ ನಿಮ್ಗೇ ತಂದ್ಕೊಡ್ತೀನಿ, ನೋಡ್ತಿರಿ."

ಕಾಲರಕ್ಕ ಎಂಬ ಹೆಸರು ಬಿದ್ದದ್ದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ಏಳು ವರ್ಷ ಅವಳು ಅಲ್ಲಿ ಅಂಗಿಯ ಕಾಲರ್ ಬಿಟ್ಟು ಬೇರೇನೂ ಹೊಲಿದವಳಲ್ಲ. ಗಂಟೆಗೆ ಅರವತ್ತು ಕಾಲರ್. ನೀರು ಕುಡಿಯಲು ಎದ್ದರೂ ಸೂಪರ್‌ವೈಸರ್ ಕಣ್ಣು ಬೆನ್ನ ಮೇಲೆ. ಗಾಣದೆತ್ತಿಗಾದರೂ ಸುತ್ತುವ ಭಾಗ್ಯವಿದೆ, ಇವಳಿಗೆ ಅದೂ ಇರಲಿಲ್ಲ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಆ ಗೇಟಿನಿಂದ ಪಾರಾಗಬೇಕು ಎಂಬುದೊಂದೇ ಆಸೆ. ಅದಕ್ಕೇ ಊಟದ ಬಿಡುವಿನಲ್ಲಿ ದಿನಕ್ಕೆ ಹತ್ತು ನಿಮಿಷ ಅಕ್ಕಪಕ್ಕದವರ ಮಿಷನ್ನಿಗೆ ಹೋಗಿ ಕೂರತೊಡಗಿದಳು. ನಾಲ್ಕು ತಿಂಗಳು ಕಫ್, ಆಮೇಲೆ ಜೇಬು, ಆಮೇಲೆ ಗುಂಡಿಪಟ್ಟಿ, ತೋಳು. ತೆನೆ ತೆನೆ ಗೂಡಿದರೆ ಬಳ್ಳ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮೂರು ವರ್ಷದಲ್ಲಿ ಇಡೀ ಅಂಗಿಯನ್ನು ಕೈವಶ ಮಾಡಿಕೊಂಡಳು.

ಸುದ್ದಿ ಸೂಪರ್‌ವೈಸರ್ ಕಿವಿಗೂ ಬಿತ್ತು. "ಎಲ್ಲಾ ಬರುತ್ತಂತಲ್ಲಮ್ಮ ನಿಂಗೆ! ಇನ್ಮೇಲೆ ಯಾರು ರಜಾ ಹಾಕಿದ್ರೂ ಅವ್ರ ಜಾಗದಲ್ಲಿ ನೀನೇ ಕೂತ್ಕೋ." ಅಂದಿನಿಂದ ಎಲ್ಲರಿಗೂ ರಜೆ ಸಿಕ್ಕಿತು, ಅವಳೊಬ್ಬಳನ್ನು ಬಿಟ್ಟು.

ಕೊನೆಗೂ ಮನೆಗೊಂದು ಮಿಷನ್ ಬಂತು. ಈಗ ನೋಡಿದರೆ ಇದು. ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸುವುದು ಕೆಳಗಿನ ಮಹಡಿಯಲ್ಲಿ. ತುಂಡುಗಳು ಕಟ್ಟುಕಟ್ಟಾಗಿ ಮೇಲೆ ಬರುತ್ತವೆ, ಇವರು ಹೊಲಿಯುತ್ತಾರೆ. ಹತ್ತು ವರ್ಷದಲ್ಲಿ ಒಮ್ಮೆಯೂ ತಾನು ಬಟ್ಟೆಗೆ ಕತ್ತರಿ ಹಾಕಿಲ್ಲ ಎಂಬುದು ಈ ಗಳಿಗೆಯವರೆಗೂ ಹೊಳೆದಿರಲಿಲ್ಲ! ಅಡಿಪಾಯ ಮರೆತು ಮನೆ ಕಟ್ಟಿದಂತಾಯಿತಲ್ಲ ಎಂದು ಅಳು ಬಂತು. ಕತ್ತರಿ ಒಂದು ಕಡೆ ತಪ್ಪಿದರೂ ಬೀದಿಯವರ ಬಾಯಿಗೆ ಬೀಳುವುದು ಖಂಡಿತ. ಆಮೇಲೆ ಬಟ್ಟೆ ಕೊಡುವವರು ಯಾರು? ನಾಳೆ ಅದೇ ಗೇಟು, ಸಾಯುವ ತನಕ ಅದೇ ಗೇಟು.

ಗಂಡ ಎಲ್ಲಿಗೋ ಹೊರಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. "ಇನ್ನೂ ನೋಡ್ತಾನೇ ಕೂತಿದೀಯಾ? ವಾಪಸ್ ಕೊಟ್ಬಿಡೆ. ಮಿಷನ್ ಕೆಟ್ಟಿದೆ ಅಂದ್ರಾಯ್ತು."

ಅವಳು ಅವನ ಹೆಗಲನ್ನೇ ನೋಡುತ್ತಿದ್ದಳು, ತೋಳು ಬಂದು ಸೇರುವ ಹೊಲಿಗೆಯನ್ನು.

"ರೀ, ಅಂಗಿ ಬಿಚ್ಚಿ."

"ಏನೇ?"

"ಬಿಚ್ಚಿ ಅಂದೆ. ಬೇಗ."

ಅವನು ಬಿಚ್ಚಿ ಕೊಟ್ಟ. ಅವಳು ಬ್ಲೇಡು ತೆಗೆದು ಕಾಲರಿನ ಹೊಲಿಗೆಗೆ ಇಟ್ಟಾಗ ಅವನು ಕಿತ್ತುಕೊಳ್ಳಲು ಕೈ ಚಾಚಿದ.

"ಅಯ್ಯೋ, ನಂಗಿರೋದು ಅದೊಂದೇ ಒಳ್ಳೇ ಅಂಗಿ ಕಣೇ!"

"ಸಂಜೆಗೆ ಹೊಲ್ದು ಕೊಡ್ತೀನಿ. ಹೊಲಿಯೋದು ನಂಗೆ ಬರುತ್ತೆ."

ಕಾಲರ್ ಬಂತು. ತೋಳುಗಳು ಬಂದವು, ಮುಂಭಾಗ, ಬೆನ್ನು, ಹೆಗಲಪಟ್ಟಿ. ಒಂದೊಂದಾಗಿ ಕೈಯಲ್ಲೇ ಉಜ್ಜಿ ಸುಕ್ಕು ತೆಗೆದು ನೀಲಿ ಬಟ್ಟೆಯ ಮೇಲೆ ಹರಡಿದಳು. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಸೊಟ್ಟಗಾದ ಕಡೆ ಒರೆಸಿ ಮತ್ತೆ ಎಳೆದಳು. ಕಾಲರನ್ನು ಮಾತ್ರ ಪಕ್ಕಕ್ಕಿಟ್ಟಳು. ಅದರ ಆಕಾರ ಕಣ್ಣು ಮುಚ್ಚಿದರೂ ಕೈಗೆ ಗೊತ್ತಿತ್ತು.

"ಮೂಲೆ ಹಿಡ್ಕೊಳ್ಳಿ. ಅಲ್ಲಾಡ್ಬೇಡಿ," ಎಂದು ಕತ್ತರಿ ಎತ್ತಿಕೊಂಡಳು.

ಗಂಡ ಬನಿಯನ್ನಿನಲ್ಲೇ ನೆಲಕ್ಕೆ ಬಗ್ಗಿ, ಎರಡೂ ಅಂಗೈಯಿಂದ ಬಟ್ಟೆಯನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡ.